ಆ ಬೆಂಗಳೂರು ಟೆಸ್ಟು ಸಾಚಾನಾ?

ಈ ಸಲ ರಜೆಗೆ ಜೋಹಾನ್ಸ್‌ಬರ್ಗಿನಿಂದ ಬಂದಾಗ ಬಸವನಗುಡಿಯಲ್ಲಿ ಚಿಕ್ಕಪ್ಪನ ಮನೆಯ ಬೀರು ಖಾಲಿ ಮಾಡುತ್ತಿದ್ದೆವು. ಎಲ್‌ಐಸಿ ಕಾಗದಗಳ ನಡುವೆ ಹಳೇ ಟಿಕೆಟ್ಟೊಂದು ಸಿಕ್ಕಿತು. ಚಿನ್ನಸ್ವಾಮಿ ಸ್ಟೇಡಿಯಂ, ಮಾರ್ಚ್ 2000, ದಕ್ಷಿಣ ಆಫ್ರಿಕಾದ ಮೇಲಿನ ಟೆಸ್ಟು. ಚಿಕ್ಕಪ್ಪ ಅದನ್ನು ತಿರುಗಿಸಿ ನೋಡಿ, "ಆ ಮ್ಯಾಚು ಸಾಚಾನೇನೋ? ನೀನು ಅಲ್ಲೇ ಇದೀಯಲ್ಲ, ಹೇಳು" ಅಂದರು.

ಆ ಪಂದ್ಯಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದವರು ಅವರೇ. ನಾವು ಇನಿಂಗ್ಸ್ ಮತ್ತು 71 ರನ್ನಿಂದ ಸೋತೆವು. ಕುಂಬ್ಳೆ ಬೆವರು ಹರಿಸಿ ಆರು ವಿಕೆಟ್ ಕಿತ್ತರೂ ಅವರು 479 ಹೊಡೆದರು. ದಿನದ ಕೊನೆಯಲ್ಲಿ ಒಳ್ಳೆಯ ಬ್ಯಾಟ್ಸ್‌ಮನ್‌ಗಳನ್ನು ಉಳಿಸಲು ಕಳಿಸುವ ನೈಟ್‌ವಾಚ್‌ಮನ್ ಆಗಿ ಬಂದ ನಿಕಿ ಬೊಯೆ 85 ಬಾರಿಸಿದ. ಎರಡನೇ ಇನಿಂಗ್ಸಿನಲ್ಲಿ ಅಜರುದ್ದೀನ್ 102 ಹೊಡೆದಾಗ ಸ್ಟ್ಯಾಂಡೆಲ್ಲ ಎದ್ದು ನಿಂತಿತ್ತು. ಅದು ಅವರ 99ನೇ ಟೆಸ್ಟು, ಕಡೆಯದೂ ಹೌದು ಅಂತ ಯಾರಿಗೂ ಗೊತ್ತಿರಲಿಲ್ಲ. ಭಾರತ ತನ್ನ ನೆಲದಲ್ಲಿ ಸರಣಿ ಸೋತು 13 ವರ್ಷವಾಗಿತ್ತು. 1987ರಲ್ಲಿ ಪಾಕಿಸ್ತಾನಕ್ಕೆ ಸೋತಿದ್ದೂ ಇದೇ ಮೈದಾನದಲ್ಲಿ, ಬರೀ 16 ರನ್ನಿಂದ. ಗೆದ್ದ ಕ್ಯಾಪ್ಟನ್ ಹ್ಯಾನ್ಸಿ ಕ್ರೋನಿಯೆಗೆ ನಾವು ಮನಸಾರೆ ಚಪ್ಪಾಳೆ ತಟ್ಟಿದ್ದೆವು.

ಒಂದು ತಿಂಗಳು ಕಳೆಯಿತು. ಏಪ್ರಿಲ್ 7ರಂದು ದೆಹಲಿ ಪೊಲೀಸರು, ಪಂದ್ಯ ಫಿಕ್ಸ್ ಮಾಡುವ ಬಗ್ಗೆ ಬುಕ್ಕಿಯೊಬ್ಬನ ಜೊತೆ ಕ್ರೋನಿಯೆ ಆಡಿದ್ದೆಂಬ ಫೋನ್ ಮಾತುಕತೆ ಬಯಲು ಮಾಡಿದರು. ಮೊದಲು ಎಲ್ಲ ಸುಳ್ಳು ಎಂದವನು ನಾಲ್ಕೇ ದಿನಕ್ಕೆ, ನಡುರಾತ್ರಿ ಕಳೆದ ಮೇಲೆ, ಅವರ ಕ್ರಿಕೆಟ್ ಬೋರ್ಡಿನ ಮುಖ್ಯಸ್ಥ ಅಲಿ ಬಾಕರ್‌ಗೆ ಫೋನ್ ಮಾಡಿ ತಾನು ಪೂರ್ತಿ ಪ್ರಾಮಾಣಿಕನಾಗಿರಲಿಲ್ಲ ಎಂದು ಒಪ್ಪಿಕೊಂಡ.

ನಾನು ಹೇಳಬೇಕಾದ್ದು ಅಲ್ಲಿಂದ ಮುಂದಿನದು. ಎರಡೇ ತಿಂಗಳಲ್ಲಿ, ಅಂದರೆ ಜೂನ್ 2000ಕ್ಕೆ, ಕೇಪ್‌ಟೌನಿನಲ್ಲಿ ಇದರ ತನಿಖೆಗೆ ಜಡ್ಜ್ ಕಿಂಗ್ ಆಯೋಗ ಕೂತುಬಿಟ್ಟಿತ್ತು. ಆಟಗಾರರು ಒಬ್ಬೊಬ್ಬರಾಗಿ ಎದ್ದು ನಿಂತು ಎಲ್ಲರೆದುರು ಹೇಳಿದರು. ನಾಗಪುರದ ಒಂದು ದಿನದ ಪಂದ್ಯದಲ್ಲಿ 20ರೊಳಗೆ ಔಟಾಗಲು 15,000 ಡಾಲರ್ ಕೊಡುತ್ತೇನೆಂದು ಕ್ಯಾಪ್ಟನ್ ಹೇಳಿದ್ದ, ನಾನು ಒಪ್ಪಿದ್ದೆ ಎಂದ ಬ್ಯಾಟ್ಸ್‌ಮನ್ ಹರ್ಷೆಲ್ ಗಿಬ್ಸ್. ಆದರೆ ಅಂದು ಅವನು 74 ಹೊಡೆದಿದ್ದ. 50ಕ್ಕಿಂತ ಹೆಚ್ಚು ರನ್ ಬಿಟ್ಟುಕೊಡಲು ಒಪ್ಪಿದ್ದ ಬೌಲರ್ ಹೆನ್ರಿ ವಿಲಿಯಮ್ಸ್ ಭುಜ ನೋವಾಗಿ ಎರಡನೇ ಓವರಿನಲ್ಲೇ ಹೊರನಡೆದಿದ್ದ. ಕ್ರೋನಿಯೆ ತಾನು ಲಕ್ಷ ಡಾಲರಿಗೂ ಮಿಕ್ಕಿ ತೆಗೆದುಕೊಂಡದ್ದನ್ನು ಹೇಳಿ, ಹೊರಗೆ ಬರುವಾಗ ಅಳುತ್ತಿದ್ದ. ಪಂದ್ಯವನ್ನೇ ಮಾರಿಲ್ಲ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಆದರೂ ಆ ದೇಶ ಕೇಳಿತು, ಅವನು ಉತ್ತರ ಕೊಡಲೇಬೇಕಾಯಿತು. ವರ್ಣಭೇದದ ಕ್ರೌರ್ಯಗಳನ್ನು ಬಹಿರಂಗವಾಗಿ ಕೇಳಿಸಿಕೊಂಡು ಆಗಷ್ಟೇ ಎರಡು ವರ್ಷವಾಗಿದ್ದ ದೇಶ ಅದು.

ನಮ್ಮಲ್ಲಿ? ಅದೇ ಏಪ್ರಿಲ್‌ನ ದೆಹಲಿ ಕೇಸಿಗೆ ಚಾರ್ಜ್‌ಶೀಟ್ ಬಿದ್ದದ್ದು 2013ರಲ್ಲಿ. ಫೋನಿನ ಆ ಕಡೆಯಿದ್ದವನೆಂದು ಪೊಲೀಸರು ಹೇಳುವ ಸಂಜೀವ್ ಚಾವ್ಲಾನನ್ನು ಲಂಡನ್ನಿನಿಂದ ಕರೆತಂದದ್ದು 2020ರಲ್ಲಿ. ಅಜರುದ್ದೀನ್‌ಗೆ ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ 2000ದ ಡಿಸೆಂಬರಿನಲ್ಲಿ ಜೀವಾವಧಿ ನಿಷೇಧ ಹೇರಿದರು, 2009ರಲ್ಲಿ ಮೊರಾದಾಬಾದಿನವರು ಸಂಸತ್ತಿಗೆ ಕಳಿಸಿದರು, 2012ರಲ್ಲಿ ಹೈಕೋರ್ಟು ನಿಷೇಧ ಕಾನೂನಿಗೆ ವಿರುದ್ಧ ಎಂದಿತು. ತಪ್ಪು ಮಾಡಿದ್ದರೇ, ಇಲ್ಲವೇ? ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಕೇಳಿದರೆ "ಬಿಡಿ ಸಾರ್, ಯಾರು ತಿಂದಿಲ್ಲ" ಅನ್ನುತ್ತಾರೆ. ನನ್ನನ್ನು ಅತಿಯಾಗಿ ನೋಯಿಸುವ ಮಾತು ಅದು. ತಿನ್ನದೆ ಆಡಿದವರಿಗೂ ಸೇರಿಸಿ ಮಸಿ ಬಳಿಯುತ್ತದೆ. ದ್ರಾವಿಡ್, ಕುಂಬ್ಳೆ ಬೆಳೆದ ಊರಿನಲ್ಲಿ ನಿಂತು ಹಾಗನ್ನಬಾರದು.

ಹಾಗಂತ ಅಲ್ಲಿಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. 2002ರ ಜೂನ್ 1ರಂದು ಜಾರ್ಜ್ ಊರಿನ ಬಳಿ ಸರಕು ವಿಮಾನ ಬೆಟ್ಟಕ್ಕೆ ಬಡಿದು ಕ್ರೋನಿಯೆ ತೀರಿಕೊಂಡ, 32 ವರ್ಷ. 2004ರಲ್ಲಿ ಟಿವಿ ವೀಕ್ಷಕರು ಅವನನ್ನು ದೇಶದ ಹನ್ನೊಂದನೇ ಮಹಾನ್ ವ್ಯಕ್ತಿಯಾಗಿ ಆರಿಸಿದರು. ನನ್ನ ಆಫೀಸಿನ ಬಿಳಿಯ ಗೆಳೆಯರು ಅವನ ಹೆಸರೆತ್ತಿದರೆ ಈಗಲೂ ದನಿ ತಗ್ಗಿಸುತ್ತಾರೆ, ಮನೆಯ ಮಗ ಹೋದ ಹಾಗೆ. 53 ಟೆಸ್ಟಿಗೆ ಕ್ಯಾಪ್ಟನ್ ಆಗಿ 27 ಗೆದ್ದವನು, ದಿಟ. ಆದರೆ ನಾಗಪುರದಲ್ಲಿ ಅವನ ಮಾತಿಗೆ ಒಪ್ಪಿ ಸಿಕ್ಕಿಬಿದ್ದವರು ಇಬ್ಬರೂ ಬಿಳಿಯರಲ್ಲದ ಹುಡುಗರು. ಕ್ಯಾಪ್ಟನ್ ಕೇಳಿದಾಗ ಆಗಲ್ಲ ಅನ್ನಲು ತಂಡದಲ್ಲಿ ಗಟ್ಟಿ ನೆಲೆ ಬೇಕು. ವಿಲಿಯಮ್ಸ್ ಆರು ತಿಂಗಳ ನಿಷೇಧ ಮುಗಿಸಿದ, ದೇಶಕ್ಕೆ ಮತ್ತೆಂದೂ ಆಡಲಿಲ್ಲ. ಅವನಿಗಾಗಿ ದನಿ ತಗ್ಗಿಸಿದವರನ್ನು ನನ್ನ ಆಫೀಸಿನಲ್ಲಿ ನಾನು ನೋಡಿಲ್ಲ. ಕ್ಷಮೆಗೂ ಅಲ್ಲಿ ಬಣ್ಣವಿದೆ, ಗೆಳೆಯರಿಗೆ ಇದನ್ನು ಮುಖಕ್ಕೆ ಹೇಳಿದ್ದೇನೆ.

ಚಿಕ್ಕಪ್ಪನಿಗೆ ಆಯೋಗದಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಗೊತ್ತಿರಲಿಲ್ಲ. ನಾವು ನೋಡಿದ ಆ ಟೆಸ್ಟಿಗೆ ಮುಂಚೆ, ಇದೇ ಬೆಂಗಳೂರಿನ ಹೋಟೆಲ್ ರೂಮಿನಲ್ಲಿ, ಕ್ರೋನಿಯೆ ಕಾಲಿಸ್, ಬೌಚರ್, ಕ್ಲೂಸ್ನರ್ ಮೂವರನ್ನೂ ಪಂದ್ಯ ಬಿಟ್ಟುಕೊಟ್ಟು ದುಡ್ಡು ಮಾಡುತ್ತೀರಾ ಎಂದು ಕೇಳಿದ್ದ. ಅವರು ತಮಾಷೆಯೆಂದುಕೊಂಡು ಆಗಲ್ಲ ಎಂದಿದ್ದರು.

"ಅಂದ್ರೆ ಅವನು ಮಾರೋಕೆ ನೋಡಿದ, ಹುಡುಗರು ಬಿಡ್ಲಿಲ್ಲ."

"ಹೌದು ಚಿಕ್ಕಪ್ಪ. ಆಮೇಲೇ ಇನಿಂಗ್ಸ್ ಅಂತರದಿಂದ ಗೆದ್ದಿದ್ದು."

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ರದ್ದಿಗೆ ಹಾಕಲು ತೆಗೆದಿಟ್ಟಿದ್ದ ಆ ಟಿಕೆಟ್ಟನ್ನು ಮತ್ತೆ ಬೀರುವಿನೊಳಗೆ ಇಟ್ಟರು.