ಪೆನ್ನಿನ ಸ್ಪ್ರಿಂಗು, ಯಾರೂ ಆಡದ ಗಾಲ್ಫು

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಬರೆಯುವ ಪೆನ್ನು ಒಂದೂ ಇರಲಿಲ್ಲ. ಪೆನ್ನುಗಳಿಗೇನೂ ಬರವಿಲ್ಲ. ಆದರೆ ಕಾಗದಕ್ಕೆ ತಾಗಿಸಿದ ಕೂಡಲೇ ರೀಫಿಲ್ಲು ಆಮೆಯ ತಲೆಯಂತೆ ಒಳಗೆ ಹೋಗುತ್ತಿತ್ತು. ಅಪ್ಪ ಸಹಿ ಹಾಕಲು ಕೂತಾಗಲೆಲ್ಲ ಪೆನ್ನನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದರ ಸ್ಪ್ರಿಂಗು ಎಲ್ಲಿ ಹೋಯ್ತೋ?" ಎನ್ನುತ್ತಿದ್ದರು. ಆಗ ನಾನೂ ಅಣ್ಣನೂ ಎಂದೂ ಇಲ್ಲದ ಶ್ರದ್ಧೆಯಿಂದ ಪಾಠ ಓದುತ್ತಿದ್ದೆವು.

ಸ್ಪ್ರಿಂಗುಗಳು ಪ್ಲೇಸ್ಟೇಷನ್ ಸೇರಿದ್ದವು.

ಸೋನಿಯವರು 1994ರಲ್ಲಿ ಜಪಾನಿನಲ್ಲಿ ಬಿಟ್ಟರಲ್ಲ, ಟಿ.ವಿ.ಗೆ ಜೋಡಿಸಿ ಆಡುವ ಆ ಗೇಮ್ ಯಂತ್ರ, ಮೊದಲನೆಯ ಪ್ಲೇಸ್ಟೇಷನ್. ನಮ್ಮ ಕೈಗೆ ಬರುವಷ್ಟರಲ್ಲಿ ಅದಕ್ಕೆ ವಯಸ್ಸಾಗಿತ್ತು. ಜೊತೆಗೆ ಬಂದ ಅಸಲಿ ಡಿಸ್ಕು ಒಂದೇ ಒಂದು, ಅದೂ ಗಾಲ್ಫ್. ನಮ್ಮಿಬ್ಬರಿಗೂ ಅದರ ಮೇಲೆ ಎಳ್ಳಷ್ಟೂ ಆಸೆಯಿಲ್ಲ. ಆಸೆಯಿದ್ದದ್ದೆಲ್ಲ ಡಬ್ಬಿ ತುಂಬ ಇದ್ದ ನಕಲು ಡಿಸ್ಕುಗಳ ಮೇಲೆ. ಯಂತ್ರ ಅವನ್ನು ಮುಟ್ಟುತ್ತಿರಲಿಲ್ಲ. ನಕಲನ್ನೂ ಅಸಲಿ ಎಂದು ಯಂತ್ರವನ್ನು ನಂಬಿಸುವ ಮಾಡ್‌ಚಿಪ್ ಎಂಬ ಸಣ್ಣ ಚಿಪ್ಪನ್ನು ಒಳಗೆ ಬೆಸುಗೆ ಹಾಕಿದರೆ ಆಗುತ್ತದಂತೆ. ಅಣ್ಣ ಹಿಂದೊಮ್ಮೆ ರೇಡಿಯೋಗೆ ಬೆಸುಗೆ ಹಾಕಿದ್ದ. ಆ ರೇಡಿಯೋ ಈಗಿಲ್ಲ. ಹಾಗಾಗಿ ಸ್ಪ್ರಿಂಗು.

ಈ ಯಂತ್ರದ ಕಾವಲುಗಾರ ಬಾಗಿಲಲ್ಲಿ ಒಂದು ಸಲ ಮುಖ ನೋಡುತ್ತಾನೆ, ಆಮೇಲೆ ಮಲಗುತ್ತಾನೆ. ಅಸಲಿ ಡಿಸ್ಕಿನ ಒಳಅಂಚಿನಲ್ಲಿ ಸುರುಳಿ ಗೆರೆ ನೆಟ್ಟಗಿರುವುದಿಲ್ಲ, ಬೇಕಂತಲೇ ಸಣ್ಣಗೆ ತೊನೆಯುತ್ತದೆ. ಆ ತೊನೆತದಲ್ಲೇ ನಾಲ್ಕು ಅಕ್ಷರ ಅಡಗಿವೆ: ಅಮೆರಿಕದ್ದಾದರೆ ಎಸ್‌ಸಿಇಎ, ಯುರೋಪಿನದ್ದಾದರೆ ಎಸ್‌ಸಿಇಇ, ಜಪಾನಿನದ್ದಾದರೆ ಎಸ್‌ಸಿಇಐ. ಅಕ್ಷರ ಸರಿಯಿದ್ದರೆ ಒಳಗೆ ಬಿಡುತ್ತಾನೆ. ಅವನು ಮಲಗಿದ ಹೊತ್ತಲ್ಲಿ ನಾವು ಡಿಸ್ಕು ಬದಲಿಸಬೇಕು. ಆದರೆ ಮುಚ್ಚಳ ತೆಗೆದರೆ ಯಂತ್ರಕ್ಕೆ ಗೊತ್ತಾಗುತ್ತದೆ, ಮುಚ್ಚಳ ಒತ್ತುವ ಸಣ್ಣ ಗುಂಡಿಯೊಂದು ಅಲ್ಲಿದೆ. ಆ ಗುಂಡಿಯನ್ನು ಅದುಮಿ ಹಿಡಿಯಲು ಪೆನ್ನಿನ ಸ್ಪ್ರಿಂಗಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಕೇಳುವಾಗ ಸುಲಭ. ಬದಲಿಸಬೇಕಾದ ಡಿಸ್ಕು ತಿರುಗುತ್ತಿರುತ್ತದೆ ಎನ್ನುವುದನ್ನು ಅಣ್ಣ ಕೊನೆಗೆ ಹೇಳಿದ. ಒಳಅಂಚನ್ನು ಓದುವಾಗ ಮಾಮೂಲಿ ಹಾಡಿನ ಸಿ.ಡಿ.ಯೇ ನಿಮಿಷಕ್ಕೆ ಸುಮಾರು 500 ಸುತ್ತು ಹಾಕುತ್ತದೆ. ಆಟ ಓದುವಾಗ ಅದರ ಎರಡರಷ್ಟು. ಜೋರಾಗಿ ತಿರುಗುವ ಡಿಸ್ಕು ಒಂದು ಕ್ಷಣ ನಿಧಾನವಾಗುತ್ತದೆ, ಆಗಲೇ ಗಾಲ್ಫನ್ನು ಎತ್ತಿ ನಕಲನ್ನು ಕೂರಿಸಬೇಕು. ಆ ಕ್ಷಣ ಹಿಡಿಯುವುದು ಅಣ್ಣನ ಕೆಲಸ. ಅವನು ಕಿವಿ ಕೊಟ್ಟು ಕೂತು "ಈಗ!" ಎನ್ನುತ್ತಿದ್ದ. ಎತ್ತುವುದು ನನ್ನ ಕೆಲಸ. ನನ್ನ ಉಗುರು ಉದ್ದ ಎಂಬುದೊಂದೇ ಅದಕ್ಕೆ ಕಾರಣ.

ಮೊದಲ ದಿನ ಡಿಸ್ಕು ಹಾರಿ ಮಂಚದ ಕೆಳಗೆ ಹೋಯಿತು. ಎರಡನೇ ದಿನ ಸ್ಪ್ರಿಂಗು ಹಾರಿತು, ಎಲ್ಲಿಗೆ ಅಂತ ಇವತ್ತಿಗೂ ಗೊತ್ತಿಲ್ಲ. ಮೂರನೇ ದಿನ ಎಲ್ಲ ಸರಿಯಾಗಿ ಆಯ್ತು, ಆದರೆ ನಾನು ಎತ್ತಿದ್ದೂ ಗಾಲ್ಫು, ಗಡಿಬಿಡಿಯಲ್ಲಿ ವಾಪಸ್ ಇಟ್ಟಿದ್ದೂ ಗಾಲ್ಫು. ಕಾವಲುಗಾರ ಎದ್ದಿದ್ದರೆ ನಕ್ಕಿರುತ್ತಿದ್ದ. ನಾಲ್ಕನೇ ದಿನ ಕಾರ್ ರೇಸು ಬಂತು! ಅಣ್ಣ ನನ್ನನ್ನು ಅಪ್ಪಿಕೊಂಡ. ಅವನ ಮೊಣಕೈ ತಾಗಿ ಸ್ಪ್ರಿಂಗು ಜಾರಿತು. ಕಾರು ನಿಂತಿತು.

(1998ರಲ್ಲಿ ಬಂದ ಸೆಗಾದವರ ಗೇಮ್ ಯಂತ್ರ ಡ್ರೀಮ್‌ಕಾಸ್ಟ್‌ನಲ್ಲಿ ಈ ಸರ್ಕಸ್ಸೇ ಬೇಕಿರಲಿಲ್ಲ. ಹಾಡಿನ ಸಿ.ಡಿ.ಗಳಿಗಾಗಿ ಅವರು ಬಿಟ್ಟಿದ್ದ ಮಿಲ್-ಸಿಡಿ ಎಂಬ ಹಿಂಬಾಗಿಲಿನಿಂದ ನಕಲು ಆಟಗಳೂ ನುಗ್ಗುತ್ತಿದ್ದವು. ಅದನ್ನು ಹೊಂದಿದ್ದ ಗೆಳೆಯನ ಜೊತೆ ನಾವು ಜಾಸ್ತಿ ಮಾತಾಡುತ್ತಿರಲಿಲ್ಲ.)

ತಿಂಗಳುಗಟ್ಟಲೆ ಉಗುರು ಹಾಕಿ ಎತ್ತಿದ್ದಕ್ಕೆ ಗಾಲ್ಫಿನ ಕಪ್ಪು ಬೆನ್ನು ಗೀರುಗಳಿಂದ ತುಂಬಿತು. ಇದು ಹೋದರೆ ನಮ್ಮ ಬೀಗದ ಕೈಯೇ ಹೋದಂತೆ. ಆಗ ಅಣ್ಣನಿಗೆ ಭಾರೀ ಉಪಾಯ ಹೊಳೆಯಿತು. "ತಮ್ಮಾ, ಗಾಲ್ಫನ್ನೇ ನಕಲು ಮಾಡಿಟ್ಟುಕೊಳ್ಳೋಣ ಕಣೋ!" ಇಡೀ ಮಧ್ಯಾಹ್ನ ಕೂತು ಮಾಡಿದೆವು. ಕಾವಲುಗಾರ ಮೂಸಿಯೂ ನೋಡಲಿಲ್ಲ. ಬರ್ನರ್ ಬರೆಯುವುದು ಖಾಲಿ ಡಿಸ್ಕಿನಲ್ಲಿ ಮೊದಲೇ ಕೊರೆದಿಟ್ಟ ದಾರಿಯಲ್ಲಿ. ಅಸಲಿಯ ತೊನೆತ ಅದಕ್ಕೆ ಬರುವುದೇ ಇಲ್ಲ. ಇಷ್ಟು ದಿನ ನಾವು ಸ್ಪ್ರಿಂಗು ಕದ್ದಿದ್ದೇ ಆ ಕಾರಣಕ್ಕೆ ಅಲ್ವಾ? ಅಷ್ಟು ಹೊತ್ತೂ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ಒಂದು ಸಂಜೆ ಮನೆಯಲ್ಲಿ ಸ್ಪ್ರಿಂಗುಗಳೆಲ್ಲ ಮುಗಿದಿದ್ದವು. ಬೇರೆ ದಾರಿಯಿಲ್ಲದೆ ಗಾಲ್ಫ್ ಹಾಕಿ ಸುಮ್ನೆ ಮುಚ್ಚಳ ಮುಚ್ಚಿದೆವು. ನೂರಾರು ಸಲ ತಿರುಗಿದ್ದ ಆ ಡಿಸ್ಕು ಮೊದಲ ಬಾರಿಗೆ ತನ್ನ ಆಟವನ್ನು ತೋರಿಸಿತು. ಹಸಿರು ಮೈದಾನ, ಹಕ್ಕಿಗಳ ಸದ್ದು. ಅಣ್ಣ ಬೇಸರದಿಂದಲೇ ಒಂದು ಹೊಡೆತ ಹೊಡೆದ. ಆಮೇಲೆ ಇನ್ನೊಂದು. ಎರಡನೇ ಕುಳಿಗೆ ಬರುವಷ್ಟರಲ್ಲಿ ಅವನು ನೆಟ್ಟಗೆ ಕೂತಿದ್ದ. "ಚೆನ್ನಾಗಿದೆಯಲ್ಲೋ ಇದು!" ಎಂದ. ನನಗೂ ಕಂಟ್ರೋಲರ್ ಬೇಕೆನಿಸಿತು.

ಮೂರನೇ ಕುಳಿಯಲ್ಲಿ ಚೆಂಡು ಗಾಳಿಯಲ್ಲೇ ನಿಂತಿತು. ಒಳಗಿನಿಂದ ಟಿಕ್ ಟಿಕ್ ಸದ್ದು. ಡಿಸ್ಕು ತೆಗೆದು ಬೆಳಕಿಗೆ ಹಿಡಿದೆವು. ಗುರುತು ಪತ್ತೆಹಚ್ಚುವ ಒಳಅಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೀರುಗಳೆಲ್ಲ ಅದರ ಆಚೆ, ಗಾಲ್ಫ್ ಇದ್ದ ಕಡೆಗೇ ಬಿದ್ದಿದ್ದವು.

ಅಣ್ಣ ಏನೂ ಅನ್ನಲಿಲ್ಲ. ಎದ್ದುಹೋಗಿ ನೇಲ್ ಕಟರ್ ತಂದು ನನ್ನ ಮುಂದಿಟ್ಟ.