ಸತ್ತ ಅಪ್ಪ ಲೆಕ್ಕಕ್ಕೆ, ಇದ್ದ ಗಂಡ ಲೆಕ್ಕಕ್ಕಿಲ್ಲ

ದೇಶದ ಭದ್ರತೆ ಕಾಯುವವರಿಗೆ ಬಂದೂಕು ಹಿಡಿಯಲು ಬರದಿದ್ದರೂ ನಡೆಯುತ್ತದೆ, ವಂಶಾವಳಿ ಬಿಡಿಸಲು ಮಾತ್ರ ಬರಲೇಬೇಕು. ಈ ವಿದ್ಯೆಯಲ್ಲಿ ಪಳಗಿದ ಅಮೆರಿಕದ ಐವರು ಸಂಸದರು, ಮಿನೆಸೋಟದ ಮಿಷೆಲ್ ಬಾಕ್‌ಮನ್ ಅವರ ಮುಂದಾಳತ್ವದಲ್ಲಿ, 2012ರ ಜೂನ್ 13ರಂದು ಪತ್ರ ಬರೆದರು. ವಿದೇಶಾಂಗ, ರಕ್ಷಣೆ, ನ್ಯಾಯ, ಆಂತರಿಕ ಭದ್ರತೆ, ಗುಪ್ತಚರ ಹೀಗೆ ಐದು ಕಡೆಯ ಒಳತನಿಖೆ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಜನರಲ್‌ಗಳಿಗೆ ಒಂದೊಂದು. ಸರ್ಕಾರದೊಳಗೆ ಈಜಿಪ್ಟ್ ಮೂಲದ ಇಸ್ಲಾಮಿಕ್ ರಾಜಕೀಯ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್ ನುಸುಳಿದೆ, ತನಿಖೆಯಾಗಲಿ ಎಂಬುದು ಅಹವಾಲು. ಸಿಕ್ಕಿಬಿದ್ದವರು ಆಗಿನ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಅವರ ಆಪ್ತ ಅಧಿಕಾರಿ, ಮಿಷಿಗನ್‌ನ ಕಲಮಝೂದಲ್ಲಿ ಹುಟ್ಟಿದ ಹುಮಾ ಅಬೆದಿನ್.

ಹುಮಾ ಏನು ಮಾಡಿದ್ದರು? ಅಂಥ ಕ್ಷುಲ್ಲಕ ಪ್ರಶ್ನೆಯನ್ನು ಪತ್ರ ಎತ್ತಿಕೊಳ್ಳುವುದೇ ಇಲ್ಲ. ಅವರ ಅಪ್ಪ, ಅಮ್ಮ, ಸಹೋದರ ಮೂವರಿಗೂ ಬ್ರದರ್‌ಹುಡ್‌ನವರ ಜೊತೆ, ಇಲ್ಲವೇ ಅದರ ಸಂಸ್ಥೆಗಳ ಜೊತೆ ನಂಟಿದೆಯಂತೆ. ಇದರಲ್ಲಿ ಅಪ್ಪ ತೀರಿಕೊಂಡದ್ದು 1993ರಲ್ಲಿ, ಮಗಳಿಗೆ ಇನ್ನೂ ಹದಿನೇಳು ವರ್ಷವಿದ್ದಾಗ. ಸತ್ತವರನ್ನೂ ಬಿಡದೆ ಎಬ್ಬಿಸಿ ತಂದ ಮೇಲೆ ಬದುಕಿರುವ ಗಂಡನನ್ನು ಮರೆಯಬಾರದಿತ್ತು. ಆಗಿನ ಗಂಡ ಆಂಥನಿ ವೀನರ್ ಯಹೂದಿ, ಇದೇ ಪ್ರತಿನಿಧಿ ಸಭೆಯಲ್ಲಿ ವರ್ಷಗಟ್ಟಲೆ ಕೂತು ಇಸ್ರೇಲ್ ಪರ ಗಂಟಲು ಹರಿದುಕೊಂಡವರು. (ಅವರು ಸಭೆ ಬಿಟ್ಟ ಕಥೆ ಬೇರೆ, ಅದರಲ್ಲಿ ಯಾವ ಧರ್ಮದ ಪಾತ್ರವೂ ಇರಲಿಲ್ಲ.) ಬಂಧುಬಳಗದ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋಯಿತು. ಜಾಗ ಸಾಲಲಿಲ್ಲವೇನೋ.

ಮುಸ್ಲಿಂ ಸಂಸದ ಕೀತ್ ಎಲಿಸನ್ "ಪುರಾವೆ ಎಲ್ಲಿ?" ಅಂದರು. ಬಾಕ್‌ಮನ್ 16 ಪುಟದ ಉತ್ತರ ಕಳಿಸಿದರು. ಮೊದಲ ಪತ್ರದಲ್ಲಿ ಎತ್ತು ಈದಿತ್ತು, ಎರಡನೆಯದರಲ್ಲಿ ಕರು ಕಟ್ಟಲು ಹಗ್ಗ ಹೊಸೆದರು.

ಜುಲೈ 18ರಂದು ಬಾಕ್‌ಮನ್ ಅವರದೇ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಸೆನೆಟ್‌ನಲ್ಲಿ ಎದ್ದು ನಿಂತರು. ಹುಮಾ ಮಾಡಿದ ಒಂದು ಕೆಲಸ, ತೆಗೆದುಕೊಂಡ ಒಂದು ನಿರ್ಧಾರ, ತಳೆದ ಒಂದು ನಿಲುವಿನ ಉದಾಹರಣೆಯೂ ಇದರಲ್ಲಿಲ್ಲ, ಇದು ಗೌರವಸ್ಥ ಹೆಣ್ಣುಮಗಳ ಮೇಲೆ ಆಧಾರವಿಲ್ಲದ ದಾಳಿ ಎಂದರು. ದೇಶಕ್ಕೆ ದೇಶವೇ ಬೆರಗಾಯಿತು. ಎಂಥ ಧೈರ್ಯ! ಮನುಷ್ಯ ಮಾಡಿದ್ದಿಷ್ಟೆ: ಪತ್ರವನ್ನು ಓದಿ, ಅದರಲ್ಲಿ ಏನಿಲ್ಲವೋ ಅದು ಇಲ್ಲ ಎಂದು ಹೇಳಿದ್ದು. ವಿಯೆಟ್ನಾಂನ ಸೆರೆಯಲ್ಲಿ ಐದು ವರ್ಷಕ್ಕೂ ಮೇಲೆ ನರಳಿ ಬಂದವರಿಗೆ ಇದೂ ಶೌರ್ಯದ ಲೆಕ್ಕಕ್ಕೆ ಸೇರಬೇಕಾಯಿತು.

ಮಿಕ್ಕವರು ಏನು ಮಾಡುತ್ತಿದ್ದರು ಎಂದು ನೋಡಿದರೆ ಬೆರಗು ತಪ್ಪಲ್ಲ ಅನ್ನಿಸುತ್ತದೆ. ಪ್ರತಿನಿಧಿ ಸಭೆಯ ಮಾಜಿ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಪತ್ರ ಬರೆದವರ ಬೆನ್ನಿಗೆ ನಿಂತರು, ಪ್ರಶ್ನೆ ಕೇಳುವುದರಲ್ಲಿ ತಪ್ಪೇನು ಎನ್ನುವ ಧಾಟಿಯಲ್ಲಿ. ಅಧ್ಯಕ್ಷ ಪದವಿಗೆ ನಿಂತಿದ್ದ ಮಿಟ್ ರಾಮ್ನಿಯನ್ನು ಆಗಸ್ಟ್‌ನಲ್ಲಿ ಪತ್ರಕರ್ತರು ಕೇಳಿದಾಗ, ಅವೆಲ್ಲ ನನ್ನ ಪ್ರಚಾರದ ಭಾಗವಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಮುಂದೆ ನಡೆದರು. ಅಲ್ಪಸಂಖ್ಯಾತ ಧರ್ಮದಲ್ಲೇ ಹುಟ್ಟಿ, ಮಾರ್ಮನ್ ಆಗಿರುವುದಕ್ಕೇ ಊರೂರಲ್ಲಿ ಸಮಜಾಯಿಷಿ ಕೊಟ್ಟುಕೊಂಡು ಬಂದಿದ್ದ ರಾಮ್ನಿ! ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಎಂದೂ ಕೂಡದು ಅನ್ನುತ್ತದೆ ಆ ದೇಶದ ಸಂವಿಧಾನದ ಆರನೇ ವಿಧಿ. ಹುದ್ದೆಯಲ್ಲಿರುವವರ ಅಪ್ಪನಿಗೆ ಪರೀಕ್ಷೆ ಇಡಬಾರದು ಎಂದು ಬರೆಯುವುದು 1787ರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೆಕೇನ್ ಇಂಥ ಧೈರ್ಯವನ್ನು ಅದಕ್ಕೂ ಮುಂಚೆ ಒಮ್ಮೆ ತೋರಿಸಿದ್ದರು. 2008ರ ಅಕ್ಟೋಬರ್, ಒಬಾಮ ವಿರುದ್ಧ ಅಧ್ಯಕ್ಷ ಪದವಿಗೆ ನಿಂತಿದ್ದ ಅವರದು ಮಿನೆಸೋಟದಲ್ಲೇ ಚುನಾವಣಾ ಸಭೆ. ಕೆಂಪು ಅಂಗಿಯ ಒಬ್ಬ ಹೆಂಗಸು ಮೈಕು ಹಿಡಿದು, ಒಬಾಮ ಮೇಲೆ ನಂಬಿಕೆ ಇಲ್ಲ, ಆತ ಅರಬ್ ಎಂದರು. ಮೆಕೇನ್ ತಲೆಯಾಡಿಸುತ್ತಾ ಮೈಕು ಕೈಗೆ ತೆಗೆದುಕೊಂಡು, "ಇಲ್ಲಮ್ಮ, ಇಲ್ಲ. ಅವರು ಸಂಸಾರವಂದಿಗರು, ಸಭ್ಯರು, ಈ ದೇಶದ ಪ್ರಜೆ" ಎಂದರು. ಎಲ್ಲರೂ ಮೆಚ್ಚಿದರು, ಮೆಚ್ಚಬೇಕಾದದ್ದೇ. ಆದರೆ ಅರಬ್ಬರು ಸಂಸಾರವಂದಿಗರಾಗಿ, ಸಭ್ಯರಾಗಿ ಇರುವುದು ಸಾಧ್ಯವೋ ಎಂಬ ಸಂಶಯ ಆ ಉತ್ತರದಲ್ಲಿ ಹಾಗೇ ಉಳಿಯಿತು. ಕೆಲವೇ ದಿನಗಳ ಮೇಲೆ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಟೀವಿಯಲ್ಲಿ ಕೂತು, ಒಬಾಮ ಮುಸ್ಲಿಮರಲ್ಲ, ಕ್ರೈಸ್ತರು, ಅದು ಸರಿಯಾದ ಉತ್ತರ. ಆದರೆ ನಿಜವಾಗಿ ಸರಿಯಾದದ್ದು, ಮುಸ್ಲಿಮರೇ ಆಗಿದ್ದರೆ ಏನೀಗ ಎಂಬುದು ಎಂದರು. ಅಷ್ಟು ಹೊತ್ತಿಗೆ ಪವೆಲ್ ಯಾವ ಹುದ್ದೆಯಲ್ಲೂ ಇರಲಿಲ್ಲ. ಈ ಜಾತಿಯ ಧೈರ್ಯ ನಿವೃತ್ತಿಯ ನಂತರವೇ ಚೆನ್ನಾಗಿ ಚಿಗುರುತ್ತದೆ.

ಹಾಲಿ ಹುದ್ದೆಯಲ್ಲಿದ್ದುಕೊಂಡೇ ರೇಗಿದವರೆಂದರೆ ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ. 2011ರಲ್ಲಿ ಹೈದರಾಬಾದ್ ಮೂಲದ ವಕೀಲ ಸೊಹೈಲ್ ಮೊಹಮ್ಮದ್ ಅವರನ್ನು ನ್ಯಾಯಾಧೀಶರನ್ನಾಗಿ ನೇಮಿಸಿದಾಗ, ಶರಿಯಾ ಕಾನೂನು ಬಂದೇಬಿಟ್ಟಿತು ಎಂದು ಗುಲ್ಲೆದ್ದಿತು. ಕ್ರಿಸ್ಟಿ ಸಭ್ಯತೆಯ ಸರ್ಟಿಫಿಕೇಟು ಹಂಚುತ್ತಾ ಕೂರಲಿಲ್ಲ. ಶರಿಯಾ ಗಿರಿಯಾ ಎಲ್ಲ ಬರೀ ತಲೆಹರಟೆ, ಈ ಹುಚ್ಚರ ಜೊತೆ ಏಗಿ ಸಾಕಾಗಿದೆ ಎಂದರು. ಸೊಹೈಲ್ ಪೀಠದಲ್ಲಿ ಕೂತರು. ನ್ಯೂಜೆರ್ಸಿ ಇನ್ನೂ ತನ್ನ ಹಳೇ ಕಾನೂನಿನಲ್ಲೇ ಬದುಕಿಕೊಂಡಿದೆ.

ಬಾಕ್‌ಮನ್ ಅವರಿಗೇನಾಯಿತು ಎಂದು ಕೇಳುತ್ತೀರಿ. ಅವರ ಪ್ರಚಾರವನ್ನೇ ಹಿಂದೆ ನಡೆಸಿದ್ದ ಎಡ್ ರಾಲಿನ್ಸ್ ನಾಚಿಕೆಯಾಗಬೇಕು ನಿಮಗೆ ಎಂದು ಬರೆದರು. ಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್ ಇಂಥ ಆರೋಪಗಳು ಬಹಳ ಅಪಾಯಕಾರಿ ಎಂದರು. ನವೆಂಬರ್‌ನಲ್ಲಿ ಬಾಕ್‌ಮನ್ ಕೂದಲೆಳೆಯಲ್ಲಿ ಗೆದ್ದು ಬಂದರು. ಹೊಸ ಸಭೆ ಸೇರಿದಾಗ ಅದೇ ಬೇನರ್ ಅವರನ್ನು ಮತ್ತೆ ಗುಪ್ತಚರ ಸಮಿತಿಯಲ್ಲೇ ಕೂರಿಸಿದರು, ದೇಶದ ಗುಟ್ಟೆಲ್ಲ ಮೊದಲು ಬರುವ ಕಡೆ. ಅವರ ಅಪ್ಪ ಅಮ್ಮನ ವಿಷಯ ಯಾರೂ ವಿಚಾರಿಸಲಿಲ್ಲ.