ಸ್ಪಷ್ಟನೆ: ಚಾಟ್‌ಜಿಪಿಟಿ ದೇಶದಲ್ಲಿ ಬ್ಯಾನ್ ಆಗಿಲ್ಲ

"ಕೇಂದ್ರ ಸರ್ಕಾರ ಚಾಟ್‌ಜಿಪಿಟಿ ಬ್ಯಾನ್ ಮಾಡಿದೆ, ಎಲ್ಲ ಕಂಪನಿಗಳಿಗೂ ಅನ್ವಯ" ಎಂಬ ಮೆಸೇಜನ್ನು ನಿನ್ನೆ ಗ್ರೂಪಿಗೆ ಹಾಕಿದವಳು ನಾನೇ. ಅದು ತಪ್ಪು, ಕ್ಷಮಿಸಿ.

ಇದರ ಮೂಲ ಕೇಂದ್ರ ಹಣಕಾಸು ಸಚಿವಾಲಯದ 2025ರ ಜನವರಿ 29ರ ಸುತ್ತೋಲೆ. ಕಚೇರಿಯ ಕಂಪ್ಯೂಟರ್ ಮತ್ತಿತರ ಸಾಧನಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಎಐ ಟೂಲ್‌ಗಳನ್ನು ಬಳಸಬಾರದು, ಸರ್ಕಾರಿ ದಾಖಲೆಗಳ ಗೋಪ್ಯತೆಗೆ ಅಪಾಯ ಎಂದು ತನ್ನ ಸಿಬ್ಬಂದಿಗೆ ಅದು ಹೇಳಿತ್ತು. ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸದು. ಅಲ್ಲಿ ಆಯಾ ಕಂಪನಿಯ ಪಾಲಿಸಿಯೇ ನಿಯಮ.

ಹಾಗೆಂದು ನಿಶ್ಚಿಂತೆಯಿಂದಿರಬೇಡಿ. ಗ್ರಾಹಕರ ಹೆಸರು, ಪ್ಯಾನ್ ನಂಬರ್ ಇರುವ ಎಕ್ಸೆಲ್ ಶೀಟನ್ನು ಚಾಟ್‌ಜಿಪಿಟಿಗೆ ಪೇಸ್ಟ್ ಮಾಡಿದ ಕ್ಷಣ ಅದು ಹೊರಗಿನ ಸರ್ವರ್ ಸೇರುತ್ತದೆ. ನಿಮ್ಮ ಕಂಪನಿ ಯಾವ ಟೂಲ್‌ಗೆ, ಯಾವ ಮಾಹಿತಿಗೆ ಅನುಮತಿ ಕೊಟ್ಟಿದೆ ಎಂದು ಐಟಿ ವಿಭಾಗವನ್ನೇ ಕೇಳಿ.

ಹಳೆಯ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.